ಪ್ರತಿ ಸಲವೂ ಅದೇ ಎಸೆತ: ಚೆಂಡೆಸೆಯುವ ಸ್ಪರ್ಧಾ ರೋಬೊ ಕಟ್ಟುವ ಬಗೆ

ಕ್ರಿಕೆಟ್ ಅಕಾಡೆಮಿಯ ನೆಟ್ಸ್‌ನಲ್ಲಿ ಬೌಲಿಂಗ್ ಮಷಿನ್ ನೋಡಿದವರಿಗೆ ಚೆಂಡೆಸೆಯುವ ರೋಬೊದ ಅರ್ಧ ಕಥೆ ಗೊತ್ತಿದ್ದ ಹಾಗೆ. ರೊಯ್ಯನೆ ತಿರುಗುವ ಎರಡು ಚಕ್ರ, ಅವುಗಳ ನಡುವೆ ಚೆಂಡಿಗಿಂತ ತುಸು ಕಿರಿದಾದ ಸಂದು. ಚೆಂಡನ್ನು ಆ ಸಂದಿಗೆ ತಳ್ಳಿದರೆ ಆಚೆಯಿಂದ ಚಿಮ್ಮುತ್ತದೆ. ಕಷ್ಟವಿರುವುದು ಉಳಿದ ಅರ್ಧದಲ್ಲಿ. ಬೌಲಿಂಗ್ ಮಷಿನ್ ನಿಂತಲ್ಲೇ ನಿಂತಿರುತ್ತದೆ, ಕೋಚ್ ಒಂದೊಂದೇ ಚೆಂಡನ್ನು ಕೈಯಾರೆ ಹಾಕುತ್ತಾರೆ. ಸ್ಪರ್ಧೆಯ ರೋಬೊ ಓಡಾಡಬೇಕು, ನೆಲದ ಮೇಲಿನ ಚೆಂಡನ್ನು ತಾನೇ ಎತ್ತಿಕೊಳ್ಳಬೇಕು, ಎದುರಾಳಿ ಬಂದು ಗುದ್ದುತ್ತಿರುವಾಗಲೇ ಗುರಿ ಹಿಡಿಯಬೇಕು. ಇಷ್ಟೆಲ್ಲ ಒಂದೇ ಒಂದು 12 ವೋಲ್ಟ್ ಬ್ಯಾಟರಿಯಲ್ಲಿ ಮುಗಿಯಬೇಕು.

ಲೆಕ್ಕಗಳನ್ನು ಗಾಳಿಯಲ್ಲಿ ಹಾಕುವ ಬದಲು ನಿಜವಾದ ಒಂದು ಆಟವನ್ನೇ ಎದುರಿಗಿಟ್ಟುಕೊಳ್ಳೋಣ. ಅಮೆರಿಕದಲ್ಲಿ ಡೀನ್ ಕಾಮೆನ್ 1989ರಲ್ಲಿ ಕಟ್ಟಿದ ಫಸ್ಟ್ ಸಂಸ್ಥೆ 1992ರಿಂದ ಹೈಸ್ಕೂಲು ವಿದ್ಯಾರ್ಥಿಗಳಿಗಾಗಿ ಫಸ್ಟ್ ರೋಬೊಟಿಕ್ಸ್ ಕಾಂಪಿಟಿಷನ್ ನಡೆಸುತ್ತಿದೆ. ಪ್ರತಿ ವರ್ಷ ಹೊಸ ಆಟ, ಹೊಸ ನಿಯಮ. 2022ರ ಆಟದ ಹೆಸರು ‘ರ‍್ಯಾಪಿಡ್ ರಿಯಾಕ್ಟ್’. ಅಂಗಳದ ನಟ್ಟನಡುವೆ ಹಬ್ ಎಂಬ ಎರಡು ಬಾಯಿಯ ಗೋಪುರ. ಮೇಲಿನ ಬಾಯಿಯ ಅಂಚು ನೆಲದಿಂದ 2.64 ಮೀಟರ್ ಎತ್ತರದಲ್ಲಿದ್ದು, ಅದರ ಅಗಲ 1.22 ಮೀಟರ್. ಕೆಳಗಿನದು 1.04 ಮೀಟರ್ ಎತ್ತರ, 1.52 ಮೀಟರ್ ಅಗಲ. ಚೆಂಡು ನೋಡಲು ಟೆನಿಸ್ ಚೆಂಡಿನ ಹಾಗೇ, ಆದರೆ ವ್ಯಾಸ 24 ಸೆಂ.ಮೀ., ತೂಕ ಸುಮಾರು 270 ಗ್ರಾಂ, ಒಳಗೆ ಗಾಳಿ, ಮೇಲೆ ನವಿರು ಬಟ್ಟೆ. ಒಂದು ರೋಬೊ ಒಮ್ಮೆಗೆ ಎರಡೇ ಚೆಂಡು ಇಟ್ಟುಕೊಳ್ಳಬಹುದು. ಪಂದ್ಯ ಎರಡೂವರೆ ನಿಮಿಷದ್ದು. ಮೊದಲ 15 ಸೆಕೆಂಡ್ ರೋಬೊ ತನ್ನಷ್ಟಕ್ಕೆ ತಾನೇ ಆಡಬೇಕು. ಆಗ ಮೇಲಿನ ಬಾಯಿಗೆ ಬಿದ್ದ ಚೆಂಡಿಗೆ 4 ಅಂಕ, ಆಮೇಲೆ 2. ಕೆಳಗಿನದಕ್ಕೆ ಅದರ ಅರ್ಧ. ಬಂಪರ್, ಬ್ಯಾಟರಿ ಬಿಟ್ಟು ರೋಬೊ ತೂಕ 56.7 ಕೆ.ಜಿ. ಮೀರುವಂತಿರಲಿಲ್ಲ, ಆಟ ಶುರುವಾಗುವಾಗ ಎತ್ತರ 132 ಸೆಂ.ಮೀ. ದಾಟುವಂತಿರಲಿಲ್ಲ.

ಸ್ಕ್ರೂಡ್ರೈವರ್ ಹಿಡಿಯುವ ಮುಂಚೆಯೇ ಒಂದು ಪ್ರಶ್ನೆಗೆ ಉತ್ತರ ಬೇಕು: ಮೇಲಕ್ಕೆ ಎಸೆಯಲೇಬೇಕೆ? ಅಂಕದ ಲೆಕ್ಕದಲ್ಲಿ ಮೇಲಿನದು ಕೆಳಗಿನದರ ಎರಡರಷ್ಟು. ಅಂದರೆ ಎಸೆದ ಹತ್ತರಲ್ಲಿ ಐದು ಚೆಂಡನ್ನಾದರೂ ಮೇಲೆ ಹಾಕಬಲ್ಲ ರೋಬೊ, ಹತ್ತಕ್ಕೆ ಹತ್ತನ್ನೂ ಕೆಳಗೆ ಹಾಕುವ ರೋಬೊಗೆ ಸಮ. ಆದರೆ ಈ ಆಟದಲ್ಲಿ ಮೂರು ರೋಬೊಗಳ ಕೂಟವೊಂದು 20 ಚೆಂಡು ಹಾಕಿದರೆ ಶ್ರೇಯಾಂಕದ ಹೆಚ್ಚುವರಿ ಅಂಕವೂ ಸಿಗುತ್ತಿತ್ತು, ಅದಕ್ಕೆ ಮೇಲಿನದು ಕೆಳಗಿನದೆಂಬ ಭೇದವಿರಲಿಲ್ಲ. ಹತ್ತರಲ್ಲಿ ಆರೇಳು ಖಚಿತವಾಗಿ ಬೀಳುತ್ತವೆ ಎನ್ನುವವರೆಗೆ ಕೆಳಗಿನ ಬಾಯಿಯೇ ಲಾಭದ್ದು. ಮೊದಲ ಸಲ ಕಟ್ಟುವವರು ಈ ಲೆಕ್ಕವನ್ನು ನುಂಗಿಕೊಳ್ಳುವುದು ಕಡಿಮೆ. ಎತ್ತರಕ್ಕೆ ಎಸೆಯುವುದರಲ್ಲಿ ಇರುವ ಮಜವೇ ಬೇರೆ, ಅದು ಸರಿ.

ಎಸೆತದ ಲೆಕ್ಕ

ಪಿಯುಸಿಯಲ್ಲಿ ಎಲ್ಲರೂ ಓದಿದ್ದೇ: 45 ಡಿಗ್ರಿಯಲ್ಲಿ ಎಸೆದರೆ ಚೆಂಡು ಅತಿ ದೂರ ಹೋಗುತ್ತದೆ. ಇಲ್ಲಿ ಆ ಪಾಠ ಕೈಕೊಡುತ್ತದೆ. ರೋಬೊದಿಂದ ಚೆಂಡು ಹೊರಬೀಳುವ ಜಾಗ ನೆಲದಿಂದ 1 ಮೀಟರ್ ಎತ್ತರದಲ್ಲಿದೆ, ಹಬ್‌ನ ನಡುಮಧ್ಯ 3 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಚೆಂಡು ಏರಬೇಕಾದದ್ದು 1.64 ಮೀಟರ್. 45 ಡಿಗ್ರಿಯಲ್ಲಿ ಎಸೆದರೆ ಸೆಕೆಂಡಿಗೆ 8 ಮೀಟರ್ ವೇಗ ಸಾಕು. ಆದರೆ ಆ ಹಾದಿಯ ತುತ್ತತುದಿ ಬರುವುದೇ ಹಬ್‌ನ ಮಧ್ಯದ ಹತ್ತಿರ, ಅದೂ ಅಂಚಿಗಿಂತ ಒಂದೆರಡು ಸೆಂ.ಮೀ. ಮೇಲೆ ಅಷ್ಟೇ. ಚೆಂಡು ನೆಲಕ್ಕೆ ಅಡ್ಡಡ್ಡವಾಗಿ ಬಂದು ಈಚೆ ಅಂಚಿಗೆ ಬಡಿದು ವಾಪಸ್ ಬೀಳುತ್ತದೆ.

ಅದೇ ಜಾಗದಿಂದ 65 ಡಿಗ್ರಿಯಲ್ಲಿ ಎಸೆಯಿರಿ. ಬೇಕಾದ ವೇಗ ಸೆಕೆಂಡಿಗೆ 7.2 ಮೀಟರ್, ಅಂದರೆ ಮೊದಲಿನದಕ್ಕಿಂತ ಕಡಿಮೆಯೇ. ಚೆಂಡು 3.16 ಮೀಟರ್‌ವರೆಗೆ ಏರಿ, ಸುಮಾರು 46 ಡಿಗ್ರಿ ಓರೆಯಲ್ಲಿ ಬಾಯೊಳಗೆ ಇಳಿಯುತ್ತದೆ. 122 ಸೆಂ.ಮೀ. ಬಾಯಿಗೆ 24 ಸೆಂ.ಮೀ. ಚೆಂಡು ಈ ಓರೆಯಲ್ಲಿ ಅಂಚು ತಾಗದೆ ಇಳಿಯಲು ಮಧ್ಯದಿಂದ ಆಚೆಗೊಂದು 44, ಈಚೆಗೊಂದು 44 ಸೆಂ.ಮೀ. ಅವಕಾಶ ಸಿಗುತ್ತದೆ. ಕೇಳಲು ಧಾರಾಳ ಎನಿಸಬಹುದು. ಈಗ ವೇಗವನ್ನು ಬರೀ ನೂರಕ್ಕೆ 5ರಷ್ಟು ಇಳಿಸಿ ನೋಡಿ: ಚೆಂಡು 46 ಸೆಂ.ಮೀ. ಈಚೆಗೆ ಬೀಳುತ್ತದೆ, ಅಂಚಿಗೆ ಬಡಿಯುತ್ತದೆ. ನೂರಕ್ಕೆ 3 ಇಳಿದರೆ 28 ಸೆಂ.ಮೀ. ಈಚೆಗೆ, ಹೇಗೋ ಒಳಗೆ ಬೀಳುತ್ತದೆ. ಮೂರಕ್ಕೂ ಐದಕ್ಕೂ ನಡುವಿನ ಈ ಸಣ್ಣ ಅಂತರದಲ್ಲೇ ಇಡೀ ಯಂತ್ರದ ಹಣೆಬರಹ ಇದೆ. ದೂರ ಎಸೆಯುವ ತಾಕತ್ತು ಯಾವ ಮೋಟಾರಿಗಾದರೂ ಇದೆ; ನೂರು ಸಲ ಎಸೆದರೂ ಅದೇ ಎಸೆತ ಬರಬೇಕು ಎನ್ನುವುದಕ್ಕೇ ಮುಂದಿನ ಎಲ್ಲ ಕಸರತ್ತು.

ಗುರಿಗೆ ತಕ್ಕ ಕೋನ ಎನ್ನುವುದಕ್ಕೆ ನಮಗೆ ಹತ್ತಿರದ ಇನ್ನೊಂದು ಉದಾಹರಣೆ ಇದೆ. ಅದೇ 2022ರಲ್ಲಿ ನವದೆಹಲಿಯಲ್ಲಿ ನಡೆದ ಎಬಿಯು ರೋಬೊಕಾನ್ ಸ್ಪರ್ಧೆಯ ವಸ್ತು ನಮ್ಮ ಲಗೋರಿ. ಅಲ್ಲಿ ರೋಬೊ ಚೆಂಡೆಸೆದು ಬಿಲ್ಲೆಗಳ ಪೇರಿಕೆ ಕೆಡವಬೇಕಿತ್ತು. ಕೆಡವಲು ಚಪ್ಪಟೆಯಾದ, ರಭಸದ ಎಸೆತ ಬೇಕು. ಬುಟ್ಟಿಗೆ ಹಾಕಲು ಎತ್ತರ ಹೋಗಿ ಮೆಲ್ಲಗೆ ಇಳಿಯುವ ಎಸೆತ ಬೇಕು. ಒಂದಕ್ಕೆಂದು ಕಟ್ಟಿದ್ದನ್ನು ಇನ್ನೊಂದಕ್ಕೆ ಒಗ್ಗಿಸಹೊರಟರೆ ಎರಡೂ ಕೆಡುತ್ತದೆ.

ಮೇಲಿನ ಲೆಕ್ಕದಲ್ಲಿ ಗಾಳಿಯನ್ನು ಬಿಟ್ಟಿದ್ದೇವೆ. ಇಷ್ಟು ದಪ್ಪದ, ಇಷ್ಟು ಹಗುರ ಚೆಂಡಿಗೆ ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಗಾಳಿಯ ತಡೆ ಅದರ ತೂಕದ ಸುಮಾರು ಕಾಲು ಭಾಗದಷ್ಟಿರುತ್ತದೆ. ಸಾಲದ್ದಕ್ಕೆ ಚೆಂಡು ಹಿಮ್ಮುಖವಾಗಿ ಸುತ್ತುತ್ತಾ ಹೋದರೆ ಗಾಳಿ ಅದನ್ನು ಮೇಲಕ್ಕೂ ಎತ್ತುತ್ತದೆ. ಆದ್ದರಿಂದ ಸೂತ್ರದಿಂದ ಬಂದ ಸಂಖ್ಯೆಯಿಂದ ಮೋಟಾರ್, ಗೇರ್ ಆರಿಸಿಕೊಳ್ಳಬಹುದು, ಅಷ್ಟೇ. ಚಕ್ರದ ಕೊನೆಯ ವೇಗ ಗೊತ್ತಾಗುವುದು ಎಸೆದು ಅಳೆದ ಮೇಲೇ.

ಚಕ್ರ, ಹುಡ್, ಸಂದು

ಹೆಚ್ಚಿನ ತಂಡಗಳು ಎರಡು ಚಕ್ರದ ಬದಲು ಒಂದು ಕಡೆ ಚಕ್ರ, ಇನ್ನೊಂದು ಕಡೆ ಬಾಗಿದ ಹಾಳೆ ಇಡುತ್ತವೆ. ಈ ಹಾಳೆಗೆ ಹುಡ್ ಎನ್ನುತ್ತಾರೆ. ಚೆಂಡು ಚಕ್ರಕ್ಕೂ ಹುಡ್‌ಗೂ ನಡುವೆ ಸಿಕ್ಕಿಕೊಂಡು ಹುಡ್‌ನ ಮೈಮೇಲೆ ಉರುಳುತ್ತಾ ಹೊರಬರುತ್ತದೆ. ಒಂದು ಕಡೆ ನಿಂತ ಮೈ, ಇನ್ನೊಂದು ಕಡೆ ಓಡುವ ಮೈ. ಹೀಗಾಗಿ ಚೆಂಡಿನ ವೇಗ ಚಕ್ರದಂಚಿನ ವೇಗದ ಅರ್ಧ ಮಾತ್ರ. ನೆಲದ ಮೇಲೆ ಕೊಳವೆಗಳನ್ನಿಟ್ಟು ಅವುಗಳ ಮೇಲೆ ಕಲ್ಲುಚಪ್ಪಡಿ ಜರುಗಿಸುವಾಗ ಕೊಳವೆ ಚಪ್ಪಡಿಯ ಅರ್ಧ ದೂರ ಮಾತ್ರ ಉರುಳುತ್ತದಲ್ಲ, ಥೇಟ್ ಹಾಗೆ.

ಚೆಂಡಿಗೆ 7.2 ಬೇಕಿದ್ದರೆ ಚಕ್ರದಂಚಿಗೆ 14.4 ಬೇಕು. 4 ಇಂಚಿನ, ಅಂದರೆ ಸುಮಾರು 10 ಸೆಂ.ಮೀ. ವ್ಯಾಸದ ಚಕ್ರಕ್ಕೆ ಇದು 2,700 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು. ಚೆಂಡು ತುಸು ಜಾರುವುದು, ಅಮುಕಿ ಸಪ್ಪಟೆಯಾಗುವುದು, ಗಾಳಿಯ ತಡೆ ಎಲ್ಲ ಸೇರಿಸಿದರೆ 3,000 ಅಥವಾ ಇನ್ನೂ ಸ್ವಲ್ಪ ಮೇಲೆ ಎಂದು ಹಿಡಿಯುವುದು ಕ್ಷೇಮ.

ಸಂದು ಎಷ್ಟಿರಬೇಕು? 24 ಸೆಂ.ಮೀ. ಚೆಂಡಿಗೆ 20 ಸೆಂ.ಮೀ. ಸಂದಿನಿಂದ ಶುರುಮಾಡಿ. ಅಂದರೆ ಚಕ್ರದ ನಡುವಿನಿಂದ ಹುಡ್‌ಗೆ 25 ಸೆಂ.ಮೀ. ಅಮುಕು ಕಡಿಮೆಯಾದರೆ ಚಕ್ರ ಚೆಂಡಿನ ಮೈಮೇಲೆ ಜಾರುತ್ತದೆ, ಒಂದೊಂದು ಎಸೆತ ಒಂದೊಂದು ಥರ. ಹೆಚ್ಚಾದರೆ ಚೆಂಡನ್ನು ಹಿಂಡುವುದಕ್ಕೇ ಶಕ್ತಿ ಖರ್ಚು, ಕಬ್ಬಿನ ಗಾಣಕ್ಕೆ ಒಟ್ಟಿಗೆ ನಾಲ್ಕು ಜಲ್ಲೆ ಕೊಟ್ಟಂತೆ ಚಕ್ರ ಮುಕ್ಕರಿಯುತ್ತದೆ, ಹುಡ್ ಹಿಂದಕ್ಕೆ ಬಾಗುತ್ತದೆ. ಮಾದರಿ ಕಟ್ಟುವಾಗಲೇ ಪ್ಲೈವುಡ್‌ನ ಎರಡು ಪಕ್ಕದ ಹಲಗೆಗಳಲ್ಲಿ ಉದ್ದ ಸೀಳು ಕೊರೆದು ಚಕ್ರದ ಶಾಫ್ಟನ್ನು ಹಿಂದೆ ಮುಂದೆ ಜರುಗಿಸುವಂತೆ ಮಾಡಿಕೊಂಡರೆ ಅರ್ಧ ಅರ್ಧ ಸೆಂ.ಮೀ. ಬದಲಿಸಿ ನೋಡಬಹುದು. ಪ್ರತಿ ಸಂದಿಗೂ ಕನಿಷ್ಠ ಹತ್ತು ಎಸೆತ. ಅತಿ ದೂರ ಎಸೆದ ಸಂದನ್ನು ಆರಿಸಬೇಡಿ, ಹತ್ತೂ ಚೆಂಡು ಹತ್ತಿರ ಹತ್ತಿರ ಬಿದ್ದ ಸಂದನ್ನು ಆರಿಸಿ.

ಚೆಂಡು ಚಕ್ರವನ್ನು ತಬ್ಬಿಕೊಂಡು ಎಷ್ಟು ದೂರ ಸಾಗುತ್ತದೆ ಎನ್ನುವುದೂ ಮುಖ್ಯ. ಚಕ್ರದ ಸುತ್ತ 90 ಡಿಗ್ರಿಯಷ್ಟಾದರೂ ಹುಡ್ ಬಾಗಿ ಬಂದಿದ್ದರೆ ಚೆಂಡಿಗೆ ಜಾರಾಟ ಬಿಟ್ಟು ಹಿಡಿತಕ್ಕೆ ಬರಲು ಸಮಯ ಸಿಗುತ್ತದೆ. ಹುಡ್‌ಗೆ 3 ಮಿ.ಮೀ. ಪಾಲಿಕಾರ್ಬೊನೇಟ್ ಹಾಳೆ ಸರಿಹೋಗುತ್ತದೆ, ಪಕ್ಕದ ತಟ್ಟೆಗಳಿಗೆ 6 ಮಿ.ಮೀ. ನೋಡಲು ಅದರಂತೆಯೇ ಇರುವ ಅಕ್ರಿಲಿಕ್ ತರಬೇಡಿ. ಮೊದಲ ಗುದ್ದಿಗೇ ಗಾಜಿನಂತೆ ಚೂರಾಗುತ್ತದೆ. ಪಾಲಿಕಾರ್ಬೊನೇಟ್‌ಗೂ ಒಂದು ಶತ್ರು ಇದೆ: ನಟ್ಟು ಸಡಿಲವಾಗದಿರಲೆಂದು ಹಾಕುವ ಥ್ರೆಡ್‌ಲಾಕರ್ ಅಂಟು. ಅದು ತಾಗಿದ ತೂತಿನ ಸುತ್ತ ಒಂದೆರಡು ದಿನದಲ್ಲಿ ಕೂದಲೆಳೆ ಬಿರುಕು ಮೂಡಿ, ಪಂದ್ಯದ ನಡುವೆ ತಟ್ಟೆ ಸೀಳುತ್ತದೆ. ಅಲ್ಲಿ ನೈಲಾನ್ ಬಳೆಯಿರುವ ಲಾಕ್‌ನಟ್ ಬಳಸಿ. ಹುಡ್ ಹಾಳೆಯ ಬೆನ್ನಿಗೆ ಎರಡು ಮೂರು ಅಡ್ಡಪಟ್ಟಿಯನ್ನೂ ಕೊಡಿ. ಇಲ್ಲದಿದ್ದರೆ ಚೆಂಡು ಹಾದುಹೋಗುವಾಗ ಹಾಳೆ ಉಬ್ಬಿ ಸಂದು ತಾನಾಗಿ ಅಗಲವಾಗುತ್ತದೆ. ಕಾಗದದ ಮೇಲೆ 4 ಸೆಂ.ಮೀ. ಇದ್ದ ಅಮುಕು ನಿಜದಲ್ಲಿ ಎರಡೂವರೆಯೇ ಇರುತ್ತದೆ.

ಚಕ್ರದ ರಬ್ಬರು ತೀರಾ ಮೆತ್ತಗಿರಬಾರದು. ಚೆಂಡು ಎತ್ತಿಕೊಳ್ಳುವ ಜಾಗಕ್ಕೆ ಮೆತ್ತನೆ ಚಕ್ರ ಒಳ್ಳೆಯದು. ಆದರೆ ಮೂರು ಸಾವಿರ ಆರ್‌ಪಿಎಂ ತಿರುಗುವಾಗ ಅದೇ ಚಕ್ರ ಹೊರಮುಖದ ಎಳೆತಕ್ಕೆ ಹಿಗ್ಗುತ್ತದೆ, ವೇಗ ಬದಲಾದಂತೆ ಅಮುಕೂ ಬದಲಾಗುತ್ತದೆ. ಒಂದೇ ಶಾಫ್ಟಿನ ಮೇಲೆ ಎರಡು ಚಕ್ರ ಇಟ್ಟಿದ್ದರೆ ಎರಡೂ ಒಂದೇ ದಿನ ಹಾಕಿದವಾಗಿರಲಿ. ಒಂದು ಸವೆದು ಇನ್ನೊಂದು ಹೊಸದಾಗಿದ್ದರೆ ಚೆಂಡು ಪಕ್ಕಕ್ಕೆ ಸುತ್ತಿಕೊಂಡು ವಾಲುತ್ತದೆ. ಗುರಿಯ ಕ್ಯಾಮೆರಾ ಕೆಟ್ಟಿದೆಯೆಂದು ತಂಡ ಇಡೀ ಮಧ್ಯಾಹ್ನ ಅದನ್ನೇ ತಡಕುವುದುಂಟು.

ಒಂಟಿ ಚಕ್ರದ ಎಸೆತದಲ್ಲಿ ಹಿಮ್ಮುಖ ಸುತ್ತು ಬಹಳ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದು ವರ, ಹಿಂದಿನ ಹಲಗೆಗೆ ತಾಗಿದ ಚೆಂಡು ಕೆಳಕ್ಕೆ ಜಾರುತ್ತದೆ. ಹಬ್‌ನ ಬಟ್ಟಲಿನಂಥ ಬಾಯಿಯಲ್ಲಿ ಮಾತ್ರ ಒಳಗೆ ಬಿದ್ದ ಚೆಂಡು ಪುಟಿದು ಹೊರಬರುವುದೇ ಆ ವರ್ಷದ ದೊಡ್ಡ ತಲೆನೋವಾಗಿತ್ತು. ಹಲವರು ಹುಡ್‌ನ ತುದಿಯಲ್ಲಿ ಇನ್ನೊಂದು ಸಣ್ಣ ರೋಲರ್ ಕೂರಿಸಿ ಸುತ್ತನ್ನು ಕಡಿಮೆ ಮಾಡಿಕೊಂಡರು. ಅದಕ್ಕೆ ಇನ್ನೊಂದು ಮೋಟಾರ್, ಇನ್ನಷ್ಟು ತೂಕ, ಅದೂ ರೋಬೊದ ನೆತ್ತಿಯ ಮೇಲೆ.

ಭಾರದ ಚಕ್ರ ಯಾಕೆ

ಹಳ್ಳಿಯ ಹಿಟ್ಟಿನ ಗಿರಣಿಯ ಡೀಸೆಲ್ ಇಂಜಿನ್‌ಗೆ ಪಕ್ಕದಲ್ಲೊಂದು ದಪ್ಪ ಬೀಡುಕಬ್ಬಿಣದ ಚಕ್ರ ಇರುತ್ತದಲ್ಲ, ಅದು ಫ್ಲೈವೀಲ್. ಧಾನ್ಯ ಒಮ್ಮೆಲೇ ಬಿದ್ದಾಗ ಇಂಜಿನ್ ಕುಗ್ಗದಂತೆ ಅದು ಹಿಡಿದಿಟ್ಟ ಓಟದಿಂದ ಎಳೆಯುತ್ತದೆ. ಇಲ್ಲಿಯೂ ಅದೇ ಕೆಲಸ.

ಸೆಕೆಂಡಿಗೆ 7.2 ಮೀಟರ್ ವೇಗದ ನಮ್ಮ ಚೆಂಡು ಮುಂದಕ್ಕೆ ಹಾರಲು 7 ಜೂಲ್, ಸುತ್ತಲು ಇನ್ನೊಂದು ನಾಲ್ಕೂವರೆ ಜೂಲ್ ಒಯ್ಯುತ್ತದೆ. ಜಾರುವುದು, ಹಿಂಡುವುದು ಸೇರಿಸಿ ಅದರ ಎರಡರಷ್ಟು, 25 ಜೂಲ್ ಎಂದಿಟ್ಟುಕೊಳ್ಳಿ. ಈಗ ಶಾಫ್ಟಿನ ಮೇಲೆ 15 ಸೆಂ.ಮೀ. ಅಗಲದ, 1.3 ಸೆಂ.ಮೀ. ದಪ್ಪದ ಉಕ್ಕಿನ ಬಿಲ್ಲೆ ಕೂರಿಸಿದರೆ ಅದರ ತೂಕ 1.8 ಕೆ.ಜಿ.; 3,000 ಆರ್‌ಪಿಎಂನಲ್ಲಿ ಅದರೊಳಗೆ 250 ಜೂಲ್ ಇರುತ್ತದೆ. ಒಂದು ಚೆಂಡು ಹತ್ತನೇ ಒಂದು ಪಾಲು ಒಯ್ದರೆ ಚಕ್ರದ ವೇಗ ನೂರಕ್ಕೆ 5ರಷ್ಟು ಇಳಿಯುತ್ತದೆ. ಬಿಲ್ಲೆಯೇ ಇಲ್ಲದೆ ಬರಿಯ ಹಗುರ ಚಕ್ರ ಇದ್ದರೆ ಚೆಂಡು ಇನ್ನೂ ಒಳಗಿರುವಾಗಲೇ ವೇಗ ಕಾಲು ಭಾಗ ಕುಸಿದಿರುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಮೊದಲ ಚೆಂಡಿನಿಂದಾಗುವ ಇಳಿತ ಪ್ರತಿ ಸಲವೂ ಒಂದೇ ಆಗಿರುವುದರಿಂದ ಅಳತೆ ಮಾಡುವಾಗಲೇ ಲೆಕ್ಕಕ್ಕೆ ಸೇರಿಹೋಗುತ್ತದೆ. ಕೈಕೊಡುವುದು ಎರಡನೇ ಚೆಂಡು. ಚಕ್ರ ಮತ್ತೆ 3,000 ಮುಟ್ಟುವ ಮೊದಲೇ ಅದನ್ನು ಒಳಗೆ ತಳ್ಳಿದರೆ ಅದು ಹೊರಡುವುದೇ ನೂರಕ್ಕೆ 5 ಕಡಿಮೆ ವೇಗದಿಂದ. ಆಗ ಏನಾಗುತ್ತದೆಂದು ಮೇಲೆ ನೋಡಿದೆವು: ಅಂಚಿಗೆ ಬಡಿತ. ಮೊದಲನೆಯದು ಒಳಗೆ, ಎರಡನೆಯದು ಈಚೆಗೆ ಎಂದು ಪದೇ ಪದೇ ಆಗುತ್ತಿದ್ದರೆ ಕೋನ, ಕ್ಯಾಮೆರಾ ಯಾವುದನ್ನೂ ಮುಟ್ಟಬೇಡಿ. ಎರಡು ಚೆಂಡುಗಳ ನಡುವೆ ಕಾಲು ಸೆಕೆಂಡ್ ಹೆಚ್ಚು ಬಿಡಿ, ಅಥವಾ ವೇಗ ಮರಳಿದೆಯೆಂದು ಚಕ್ರದ ತಿರುಗುವಿಕೆ ಅಳೆಯುವ ಎನ್‌ಕೋಡರ್ ಹೇಳಿದ ಮೇಲೆಯೇ ತಳ್ಳುವಂತೆ ಪ್ರೋಗ್ರಾಂ ಬರೆಯಿರಿ.

ಹಾಗಾದರೆ ಬಿಲ್ಲೆಯನ್ನು 5 ಕೆ.ಜಿ. ಮಾಡಿದರೆ? ಇಳಿತ ಕಡಿಮೆಯಾಗುತ್ತದೆ ನಿಜ, ಆದರೆ ನಿಂತಲ್ಲಿಂದ ವೇಗಕ್ಕೆ ಬರಲು ಹೆಚ್ಚು ಹೊತ್ತು, ದೂರ ಬದಲಾದಾಗ ವೇಗ ಬದಲಿಸಲು ಇನ್ನೂ ಹೊತ್ತು, ನೆತ್ತಿಯ ಮೇಲೆ ಮೂರು ಕೆ.ಜಿ. ಜಾಸ್ತಿ. ಒಮ್ಮೆಗೆ ಎರಡೇ ಚೆಂಡಿನ ಆಟಕ್ಕೆ ಅದು ಬೇಡ.

ಅಂದ ಹಾಗೆ, 250 ಜೂಲ್ ಅಂದರೆ ಒಂದು ಕೆ.ಜಿ. ಕಲ್ಲು 25 ಮೀಟರ್ ಎತ್ತರದಿಂದ ಬಿದ್ದಾಗ ಇರುವಷ್ಟು. ಬಿಲ್ಲೆಯನ್ನು ಶಾಫ್ಟಿಗೆ ಒತ್ತಿ ಹಿಡಿಯುವ ಸಣ್ಣ ಸೆಟ್‌ಸ್ಕ್ರೂ ನಂಬಿ ಕೂರಿಸಬಾರದು, ಷಟ್ಕೋನದ ಶಾಫ್ಟಿಗೆ ಅದೇ ಆಕಾರದ ತೂತಿರುವ ನಡುತುಂಡು ಹಾಕಿ ಬೋಲ್ಟ್ ಮಾಡಬೇಕು. ಬಿಲ್ಲೆ ಲೇತ್‌ನಲ್ಲಿ ಸರಿಯಾಗಿ ತಿರುಗಿ ಬಂದಿರದಿದ್ದರೆ 3,000ದಲ್ಲಿ ಇಡೀ ರೋಬೊ ಗುಯ್ ಎಂದು ನಡುಗುತ್ತದೆ, ಕ್ಯಾಮೆರಾದ ಚಿತ್ರ ಮಸುಕಾಗುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಪರೀಕ್ಷೆ ಮಾಡುವಾಗ ಚಕ್ರದ ಸಮತಲದಲ್ಲಿ ಯಾರೂ ನಿಲ್ಲದಿರಲಿ, ಕಣ್ಣಿಗೆ ಕನ್ನಡಕ ಇರಲಿ. ಸ್ವಿಚ್ ಆರಿಸಿದ ಮೇಲೂ ಅದು ಬಹಳ ಹೊತ್ತು ತಿರುಗುತ್ತಿರುತ್ತದೆ.

ಮೋಟಾರ್, ಗೇರ್, ಬ್ಯಾಟರಿ

ಈ ಸ್ಪರ್ಧೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿದ್ದ ನಿಯೊ ಎಂಬ ಬ್ರಷ್‌ಲೆಸ್ ಮೋಟಾರ್ ಹೊರೆಯಿಲ್ಲದೆ 12 ವೋಲ್ಟ್‌ನಲ್ಲಿ 5,676 ಆರ್‌ಪಿಎಂ ತಿರುಗುತ್ತದೆ. ಬೆಲ್ಟ್‌ನಿಂದ ಒಂದೂವರೆ ಪಟ್ಟು ಇಳಿಸಿದರೆ ಚಕ್ರಕ್ಕೆ 3,784. ನಮಗೆ ಬೇಕಾದ 3,000 ಇದರ ನೂರಕ್ಕೆ 80ರ ಆಸುಪಾಸು. ‘ಎರಡು ಪಟ್ಟು ಇಳಿಸಿದರೆ ಬಲ ಜಾಸ್ತಿ’ ಎಂಬ ಮಾತು ಕೇಳಿ ಹಾಗೆ ಮಾಡಿದರೆ ಗರಿಷ್ಠವೇ 2,838. ಗುರಿಯ ವೇಗವನ್ನು ಅದು ಎಂದಿಗೂ ಮುಟ್ಟುವುದಿಲ್ಲ.

ಇನ್ನು ಬ್ಯಾಟರಿ. 18 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿ, ಓಡಿಸುವ ಮೋಟಾರುಗಳೂ ಅದರಿಂದಲೇ ಎಳೆಯುತ್ತವೆ. ರೋಬೊ ರಭಸದಿಂದ ಹೊರಟಾಗ 12 ವೋಲ್ಟ್ ಇದ್ದದ್ದು 10.5ಕ್ಕೆ ಇಳಿಯುವುದು ಮಾಮೂಲು. 3,000 ಆರ್‌ಪಿಎಂ ಕಾಯ್ದುಕೊಳ್ಳಲಿಕ್ಕೇ 9.5 ವೋಲ್ಟ್ ಬೇಕು. ಅಂದರೆ ಕಳೆದುಕೊಂಡ ವೇಗ ಮರಳಿ ಪಡೆಯಲು ಉಳಿದಿದ್ದ ಎರಡೂವರೆ ವೋಲ್ಟ್ ಈಗ ಒಂದೇ ವೋಲ್ಟ್. ವರ್ಕ್‌ಶಾಪ್‌ನಲ್ಲಿ ಮೇಜಿನ ಮೇಲೆ ಚೆನ್ನಾಗಿ ಎಸೆದದ್ದು ಅಂಗಳದಲ್ಲಿ ಎರಡನೇ ಚೆಂಡಿಗೆ ತಡವರಿಸುವುದಕ್ಕೆ ಇದೂ ಒಂದು ಕಾರಣ. ಎಳೆತ ಮಿತಿಮೀರಿ ವೋಲ್ಟೇಜ್ 7ಕ್ಕಿಂತ ಕೆಳಗೆ ಜಾರಿದರೆ ನಿಯಂತ್ರಕ ತನ್ನನ್ನು ಉಳಿಸಿಕೊಳ್ಳಲು ಮೋಟಾರುಗಳನ್ನೇ ನಿಲ್ಲಿಸಿಬಿಡುತ್ತದೆ. ಆದ್ದರಿಂದ ಪ್ರತಿ ಮೋಟಾರಿಗೂ ಕರೆಂಟಿನ ಮಿತಿಯನ್ನು ಪ್ರೋಗ್ರಾಂನಲ್ಲೇ ಕಟ್ಟಿಡಬೇಕು. 40 ಆಂಪಿಯರ್ ಬ್ರೇಕರ್ ಇರುವ ಮೋಟಾರಿಗೆ 12 ಗೇಜ್ ತಂತಿಗಿಂತ ತೆಳು ಹಾಕಬಾರದು.

ವೇಗವನ್ನು ಹಿಡಿದಿಡುವ ಪ್ರೋಗ್ರಾಂ ಎರಡು ಮಾತಿನದು. 3,000ಕ್ಕೆ ಎಷ್ಟು ವೋಲ್ಟ್ ಬೇಕೆಂದು ಮೊದಲೇ ಗೊತ್ತು, 9.5, ಅಷ್ಟನ್ನು ನೇರವಾಗಿ ಕೊಡುವುದು. ಅದರ ಮೇಲೆ, ಗುರಿಗೂ ಈಗಿನ ವೇಗಕ್ಕೂ ಇರುವ ವ್ಯತ್ಯಾಸಕ್ಕೆ ತಕ್ಕಂತೆ ಸ್ವಲ್ಪ ಸೇರಿಸುವುದು ಅಥವಾ ಕಳೆಯುವುದು. ಮೊದಲ ಭಾಗವನ್ನು ಬಿಟ್ಟು ಬರೀ ಎರಡನೆಯದನ್ನೇ ಜಗ್ಗಿಸಲು ಹೋದವರ ಚಕ್ರ ಗುರಿಯ ಮೇಲೆ ಕೆಳಗೆ ತೂಗಾಡುತ್ತದೆ. ಭಾರದ ಚಕ್ರಕ್ಕೆ ಇನ್ನೂ ಸರಳ ಉಪಾಯ ಉಂಟು: ಗುರಿಗಿಂತ ಕೆಳಗಿದ್ದರೆ ಪೂರ್ತಿ ವೋಲ್ಟ್, ಮೇಲಿದ್ದರೆ ಸೊನ್ನೆ. ಒರಟಾದರೂ ಚೆನ್ನಾಗಿ ನಡೆಯುತ್ತದೆ, ಆದರೆ ಮೋಟಾರನ್ನು ವೋಲ್ಟ್ ಸೊನ್ನೆಯಾದೊಡನೆ ತಡೆದು ನಿಲ್ಲಿಸುವ ಬ್ರೇಕ್ ಮೋಡ್‌ನಿಂದ ತೆಗೆದು, ತಾನಾಗಿ ತಿರುಗಲು ಬಿಡುವ ಕೋಸ್ಟ್ ಮೋಡ್‌ಗೆ ಹಾಕಿರಲೇಬೇಕು. ಮರೆತರೆ ಚಕ್ರ ಕ್ಷಣಕ್ಷಣಕ್ಕೂ ಜಗ್ಗಿ ನಿಂತು ಗೇರಿನ ಹಲ್ಲು ಮುರಿಯುತ್ತದೆ.

ಚೆಂಡು ಚಕ್ರಕ್ಕೆ ತಲುಪುವವರೆಗೆ

ಅಂಗಳದಲ್ಲಿ ಹೆಚ್ಚಿನ ರೋಬೊಗಳು ಸೋಲುವುದು ಎಸೆಯುವ ಜಾಗದಲ್ಲಲ್ಲ, ಚೆಂಡು ಅಲ್ಲಿಗೆ ಬಂದು ಮುಟ್ಟುವ ದಾರಿಯಲ್ಲಿ.

ಬಂಪರ್ ಮೇಲಿಂದ ಹೊರಚಾಚಿ ನೆಲದ ಚೆಂಡನ್ನು ಒಳಗೆಳೆಯುವ ರೋಲರ್‌ನ ಅಂಚಿನ ವೇಗ ರೋಬೊದ ಓಟದ ವೇಗಕ್ಕಿಂತ ಹೆಚ್ಚಿರಬೇಕು, ಸುಮಾರು ಎರಡರಷ್ಟು. ರೋಬೊ ಸೆಕೆಂಡಿಗೆ 4 ಮೀಟರ್ ಓಡುವಾಗ ರೋಲರ್ ಮೂರರಲ್ಲಿ ತಿರುಗುತ್ತಿದ್ದರೆ ಅದು ಚೆಂಡನ್ನು ಎಳೆದುಕೊಳ್ಳುವ ಬದಲು ಮುಂದೂಡುತ್ತಾ ಹೋಗುತ್ತದೆ. ಈ ತೋಳು ಗೋಡೆಗೂ ಬೇರೆ ರೋಬೊಗಳಿಗೂ ಬಡಿಯುತ್ತಲೇ ಇರುತ್ತದೆ. ಬಾಗಿ ಮತ್ತೆ ನೆಟ್ಟಗಾಗುವ ಪಾಲಿಕಾರ್ಬೊನೇಟ್‌ನಲ್ಲಿ ಮಾಡಿದರೆ ಉಳಿಯುತ್ತದೆ, ಅಲ್ಯೂಮಿನಿಯಂ ಪಟ್ಟಿಯಲ್ಲಿ ಮಾಡಿದರೆ ಒಂದೇ ಗುದ್ದಿಗೆ ಸೊಟ್ಟಗಾಗಿ ಹಾಗೇ ಉಳಿಯುತ್ತದೆ.

ಒಳಗೆ ಬಂದ ಮೇಲೆ ಎರಡು ಚೆಂಡು ಒಂದಕ್ಕೊಂದು ತಾಗಿ ನಿಂತರೆ ಸಿಕ್ಕಿಕೊಳ್ಳುತ್ತವೆ. ಬೆಲ್ಟ್‌ಗೂ ಗೋಡೆಗೂ ನಡುವೆ ಮೇಲೇರುವ ಚೆಂಡುಗಳು ಎರಡೂ ಒಂದೇ ದಿಕ್ಕಿಗೆ ಉರುಳುತ್ತಿರುತ್ತವೆ. ತಾಗುವ ಬಿಂದುವಿನಲ್ಲಿ ಮೇಲಿನ ಚೆಂಡಿನ ಮೈ ಎಡಕ್ಕೆ ಜಾರುತ್ತಿದ್ದರೆ ಕೆಳಗಿನ ಚೆಂಡಿನ ಮೈ ಬಲಕ್ಕೆ ಜಾರುತ್ತಿರುತ್ತದೆ. ನವಿರು ಬಟ್ಟೆಯ ಚೆಂಡಾದ್ದರಿಂದ ಎರಡೂ ಕಚ್ಚಿಕೊಂಡು ಬೆಲ್ಟ್ ಸುಮ್ಮನೆ ಜಾರತೊಡಗುತ್ತದೆ. ಮೋಟಾರಿಗೆ ಹೆಚ್ಚು ಬಲ ಕೊಟ್ಟರೆ ಇನ್ನೂ ಬಿಗಿಯಾಗುತ್ತದೆ. ಪರಿಹಾರ ಇಷ್ಟೇ, ಅವನ್ನು ತಾಗಗೊಡಬೇಡಿ. ದಾರಿಯನ್ನು ಎರಡು ಭಾಗ ಮಾಡಿ, ಪ್ರತಿ ಭಾಗಕ್ಕೆ ಬೇರೆ ಮೋಟಾರ್, ಅಡ್ಡಬಂದ ಚೆಂಡನ್ನು ಗುರುತಿಸುವ ಬೆಳಕಿನ ಸೆನ್ಸರ್ ಇಡಿ. ಮೊದಲ ಚೆಂಡು ಮೇಲಿನ ಸೆನ್ಸರ್ ತಲುಪಿದೊಡನೆ ಮೇಲಿನ ಭಾಗ ನಿಲ್ಲಲಿ. ಎರಡನೆಯದು ಕೆಳಗಿನ ಸೆನ್ಸರ್‌ನಲ್ಲಿ, ನಡುವೆ ನಾಲ್ಕು ಬೆರಳಿನ ಅಂತರ ಇಟ್ಟು ನಿಲ್ಲಲಿ. ಮೇಲಿನ ಚೆಂಡು ಚಕ್ರಕ್ಕೆ ತಾಗಿ ನಿಲ್ಲದಂತೆಯೂ ನೋಡಿಕೊಳ್ಳಿ. ತಾಗಿದರೆ ನಿಂತ ಚೆಂಡನ್ನು ಚಕ್ರ ಉಜ್ಜುತ್ತಲೇ ಇರುತ್ತದೆ, ಬಟ್ಟೆಯ ನೂಲು ಕಿತ್ತು ಹುಡ್ ತುಂಬ ಹರಡುತ್ತದೆ, ಆ ನೂಲಿನ ಪದರದ ಮೇಲೆ ಮುಂದಿನ ಚೆಂಡುಗಳು ಜಾರುತ್ತವೆ.

ಗುರಿ ಹಿಡಿಯುವುದು

ಹಬ್‌ನ ಮೇಲಂಚಿನ ಸುತ್ತ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಪಟ್ಟಿಗಳಿದ್ದವು, ರಾತ್ರಿ ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಹೊಳೆಯುವಂಥವು. ರೋಬೊ ಮೇಲಿನ ಕ್ಯಾಮೆರಾದ ಸುತ್ತ ಹಸಿರು ಎಲ್‌ಇಡಿ ಇದ್ದರೆ ಚಿತ್ರದಲ್ಲಿ ಆ ಪಟ್ಟಿಗಳಷ್ಟೇ ಹಸಿರಾಗಿ ಉರಿಯುತ್ತವೆ. ಪಟ್ಟಿಯ ಎತ್ತರ ಗೊತ್ತು, ಕ್ಯಾಮೆರಾದ ಎತ್ತರ ಗೊತ್ತು. ಎರಡರ ವ್ಯತ್ಯಾಸವನ್ನು ನೋಟದ ಕೋನದ ಟ್ಯಾನ್‌ನಿಂದ ಭಾಗಿಸಿದರೆ ದೂರ ಬಂತು. ವ್ಯತ್ಯಾಸ 1.7 ಮೀಟರ್ ಇದ್ದು, 3 ಮೀಟರ್ ದೂರ ನಿಂತಾಗ ಕ್ಯಾಮೆರಾ ಒಂದು ಡಿಗ್ರಿ ಆಚೀಚೆ ತಿರುಗಿದ್ದರೆ ತಪ್ಪು 12 ಸೆಂ.ಮೀ. ಮಾತ್ರ. 5 ಮೀಟರ್‌ನಲ್ಲಿ ಅದೇ ಒಂದು ಡಿಗ್ರಿಗೆ 28 ಸೆಂ.ಮೀ. ಕ್ಯಾಮೆರಾವನ್ನು ಎರಡು ಸ್ಕ್ರೂ ಬದಲು ನಾಲ್ಕರಲ್ಲಿ ಬಿಗಿದು, ಅದರ ಸ್ಥಾನಕ್ಕೆ ಮಾರ್ಕರ್‌ನಿಂದ ಗೆರೆ ಎಳೆದಿಡುವುದು ಇದಕ್ಕೇ. ಗುದ್ದು ತಿಂದು ಅದು ಜರುಗಿದ್ದರೆ ಗೆರೆ ಹೇಳುತ್ತದೆ.

ದೂರ ತಿಳಿದ ಮೇಲೆ ಚಕ್ರಕ್ಕೆ ಎಷ್ಟು ವೇಗ ಎನ್ನುವುದನ್ನು ಸೂತ್ರದಿಂದ ತೆಗೆಯಬೇಡಿ, ಪಟ್ಟಿ ಮಾಡಿ. 1.5 ಮೀಟರ್‌ನಿಂದ 5 ಮೀಟರ್‌ವರೆಗೆ ಅರ್ಧರ್ಧ ಮೀಟರಿಗೆ ನೆಲದ ಮೇಲೆ ಟೇಪ್ ಅಂಟಿಸಿ, ಪ್ರತಿ ಗುರುತಿನಿಂದ ಹತ್ತು ಚೆಂಡು ಎಸೆದು ಸರಿಹೊಂದುವ ಆರ್‌ಪಿಎಂ ಬರೆದುಕೊಳ್ಳಿ. ಎಂಟು ಸಾಲಿನ ಪಟ್ಟಿ ಸಾಕು, ನಡುವಿನ ದೂರಗಳಿಗೆ ಪ್ರೋಗ್ರಾಂ ತಾನೇ ಅಂದಾಜಿಸುತ್ತದೆ. ಹುಡ್‌ನ ಕೋನವನ್ನೂ ಬದಲಿಸಬಹುದಾದರೆ ಒಳ್ಳೆಯದು, ಹತ್ತಿರಕ್ಕೆ ಕಡಿದಾಗಿ, ದೂರಕ್ಕೆ ತುಸು ಚಪ್ಪಟೆಯಾಗಿ. ಆದರೆ ಮೊದಲ ವರ್ಷದವರಿಗೆ ಒಂದೇ ಕೋನ, ಹಬ್‌ಗೆ ಒತ್ತಿ ನಿಂತು ಎಸೆಯುವ ಒಂದೇ ಜಾಗ ಎಂದು ಕಟ್ಟಿಕೊಳ್ಳುವುದೇ ವಾಸಿ. ಆಗ ದೂರ ಅಳೆಯುವ ಕೆಲಸವೇ ಇಲ್ಲ, ಬಂಪರ್ ತಾಗಿತೆಂದರೆ ದೂರ ಸರಿಯಿದೆ ಎಂದರ್ಥ.

ಪಟ್ಟಿ ಮಾಡುವಾಗ ಹೊಸ ಚೆಂಡುಗಳನ್ನಷ್ಟೇ ಬಳಸುವುದು ಸಾಮಾನ್ಯ ತಪ್ಪು. ಸ್ಪರ್ಧೆಯ ಎರಡನೇ ದಿನಕ್ಕೆ ಚೆಂಡುಗಳ ಬಟ್ಟೆ ಸವೆದಿರುತ್ತದೆ, ಕೆಲವದರಲ್ಲಿ ಗಾಳಿ ಇಳಿದಿರುತ್ತದೆ. ಮೆತ್ತಗಾದ ಚೆಂಡು ಅದೇ ಸಂದಿನಲ್ಲಿ ಕಡಿಮೆ ಒತ್ತಿ, ಹೆಚ್ಚು ಜಾರಿ, ಈಚೆಗೆ ಬೀಳುತ್ತದೆ. ಹೊಸತು, ಹಳತು, ಮೆತ್ತನೆಯದು ಮೂರನ್ನೂ ಬೆರೆಸಿ ಎಸೆದು ಪಟ್ಟಿಯನ್ನು ನಡುವಿಗೆ ಹೊಂದಿಸಿ. ಮೊಬೈಲಿನ ಸ್ಲೋಮೋಷನ್‌ನಲ್ಲಿ ಪಕ್ಕದಿಂದ ಚಿತ್ರೀಕರಿಸಿದರೆ ಚೆಂಡು ಹುಡ್ ಬಿಡುವ ಕೋನ, ಸುತ್ತು, ಹಾಳೆ ಉಬ್ಬುವುದು ಎಲ್ಲವೂ ಕಣ್ಣಿಗೆ ಬೀಳುತ್ತದೆ. ಕೋನ ನೀವು ಬರೆದ ನಕ್ಷೆಗಿಂತ ಒಂದೆರಡು ಡಿಗ್ರಿ ಬೇರೆಯೇ ಇರುತ್ತದೆ.

ಪಂದ್ಯಗಳ ನಡುವೆ ಸಿಗುವ ಹತ್ತಿಪ್ಪತ್ತು ನಿಮಿಷದಲ್ಲಿ ಮೊದಲು ಬ್ಯಾಟರಿ ಬದಲಿಸಿ, ಅದರ ಕೊಂಡಿಯ ಬೋಲ್ಟನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿ. ಆಮೇಲೆ ಒದ್ದೆ ಬಟ್ಟೆಯಿಂದ ಹುಡ್ ಒರೆಸಿ ನೂಲು ತೆಗೆಯಿರಿ, ಚಕ್ರದ ರಬ್ಬರಿನ ಮೇಲೆ ಕೂತ ನೀಲಿ ಕೆಂಪು ಎಳೆಯನ್ನು ಉಜ್ಜಿ ತೆಗೆಯಿರಿ. ಚಕ್ರವನ್ನು ಕೈಯಿಂದ ತಿರುಗಿಸಿ ಬಿಡಿ. ನಿಧಾನವಾಗಿ, ಸದ್ದಿಲ್ಲದೆ ನಿಂತರೆ ಸರಿ. ಗರಗರ ಎಂದರೆ ಬೇರಿಂಗ್, ಒಮ್ಮೆಲೇ ನಿಂತರೆ ಬೆಲ್ಟ್ ಬಿಗಿ ಅಥವಾ ಎಲ್ಲೋ ಏನೋ ಉಜ್ಜುತ್ತಿದೆ. ಕೊನೆಗೆ ಎರಡು ಚೆಂಡು ಹಾಕಿ, ಕಡಿಮೆ ವೇಗದಲ್ಲಿ ಎದುರಿಗೆ ನಿಂತವರ ಕೈಗೆ ಎಸೆದು ನೋಡಿ. ಎರಡೂ ಒಂದೇ ಎತ್ತರಕ್ಕೆ ಬಂದು ಕೈ ಸೇರಿದರೆ ರೋಬೊವನ್ನು ಗಾಡಿಗೆ ಏರಿಸಬಹುದು.